ಮಂಡಿ ಸವೆತ: ಎಕ್ಸ್‌ರೇ ಮಲಗಿಸಿ ತೆಗೆದರೆ ಏನು ತಪ್ಪುತ್ತದೆ?

ಮಂಡಿನೋವೆಂದು ಬರುವ ಹಲವರ ಕೈಯಲ್ಲಿ ಎಂಆರ್‌ಐ ಫಿಲ್ಮ್ ಇರುತ್ತದೆ, ನಿಂತು ತೆಗೆಸಿದ ಒಂದು ಸಾದಾ ಎಕ್ಸ್‌ರೇ ಇರುವುದಿಲ್ಲ. ಸವೆತದ ವಿಷಯದಲ್ಲಿ ಈ ಕ್ರಮ ತಿರುಗುಮುರುಗು. ಅಸಲಿಗೆ ಎಷ್ಟೋ ಜನರಿಗೆ ಎರಡೂ ಬೇಕಿಲ್ಲ. ವಯಸ್ಸು 45 ಅಥವಾ ಮೇಲೆ, ಓಡಾಡಿದರೆ ನೋವು, ಬೆಳಗ್ಗೆ ಎದ್ದಾಗ ಬಿಗಿತವಿಲ್ಲ ಅಥವಾ ಇದ್ದರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ ಎಂದಾದರೆ ಚಿತ್ರವಿಲ್ಲದೆಯೇ ರೋಗ ನಿರ್ಧರಿಸಬಹುದು ಎನ್ನುತ್ತದೆ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ. ಲಕ್ಷಣಗಳು ಹೊಂದದಿದ್ದಾಗ, ನೋವು ದಿಢೀರನೆ ಏರಿದಾಗ, ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಚಿತ್ರ ಬೇಕು.

ಎಕ್ಸ್‌ರೇಯಲ್ಲಿ ಕಾರ್ಟಿಲೇಜ್, ಅಂದರೆ ಮೂಳೆತುದಿಗಳನ್ನು ಹೊದ್ದಿರುವ, ಸವೆಯುವ ಮೃದ್ವಸ್ಥಿ, ಕಾಣುವುದಿಲ್ಲ. ಕಾಣುವುದು ತೊಡೆಮೂಳೆಗೂ ಕೆಳಗಿನ ಟಿಬಿಯಾ ಮೂಳೆಗೂ ನಡುವಿನ ಸಂದು ಮಾತ್ರ. ಆ ಸಂದಿನ ಅಗಲದಿಂದ ಒಳಗೆ ಎಷ್ಟು ಉಳಿದಿದೆಯೆಂದು ಊಹಿಸುತ್ತೇವೆ. ರೋಗಿಯನ್ನು ಮಲಗಿಸಿದರೆ ಮಂಡಿಯ ಮೇಲಿನ ಭಾರ ಇಳಿದು ಸಂದು ತೆರೆದುಕೊಳ್ಳುತ್ತದೆ, ಸವೆದ ಮಂಡಿಯೂ ಚೆನ್ನಾಗಿರುವಂತೆ ತೋರುತ್ತದೆ. ನಿಂತರೂ ಒಳ್ಳೆಯ ಕಾಲಿನ ಮೇಲೆ ಭಾರ ಹಾಕಿ ನೋಯುವ ಕಾಲನ್ನು ಸುಮ್ಮನೆ ಊರಿದ್ದರೆ ಪ್ರಯೋಜನವಿಲ್ಲ. ಎರಡೂ ಕಾಲಿಗೆ ಸಮನಾಗಿ ಭಾರ ಬಿಡಲು ಟೆಕ್ನಿಷಿಯನ್ ಹೇಳಬೇಕು, ಹೇಳಿ ನೋಡಿಯೂ ಇರಬೇಕು.

ಇನ್ನೊಂದು ಸಂಗತಿ ಮಂಡಿಯ ಬಾಗು. ಸವೆತ ಹೆಚ್ಚಾಗಿ ತೊಡೆಮೂಳೆಯ ತುದಿಯ ತುಸು ಹಿಂಭಾಗದಲ್ಲಿರುತ್ತದೆ. ಕಾಲು ನೆಟ್ಟಗಿದ್ದಾಗ ಆ ಜಾಗ ಟಿಬಿಯಾಗೆ ತಾಗುವುದೇ ಇಲ್ಲ. 1988ರಲ್ಲಿ ವೈದ್ಯ ರೋಸೆನ್‌ಬರ್ಗ್ ವಿವರಿಸಿದ ಭಂಗಿಯಲ್ಲಿ ರೋಗಿ ಎಕ್ಸ್‌ರೇ ಪ್ಲೇಟ್‌ಗೆ ಮುಖ ಮಾಡಿ, ಮಂಡಿಚಿಪ್ಪು ಅದಕ್ಕೆ ತಾಗುವಂತೆ 45 ಡಿಗ್ರಿ ಬಾಗಿ ನಿಲ್ಲುತ್ತಾರೆ. ಕಿರಣ ಹಿಂದಿನಿಂದ, 10 ಡಿಗ್ರಿ ಕೆಳಮುಖವಾಗಿ ಹಾಯುತ್ತದೆ. ನೆಟ್ಟಗಿನ ಫಿಲ್ಮ್‌ನಲ್ಲಿ ತೆರೆದಿದ್ದ ಸಂದು ಇಲ್ಲಿ ಮುಚ್ಚಿಹೋಗಿರುವುದು ಅಪರೂಪವೇನಲ್ಲ.

ಫಿಲ್ಮ್ ಸರಿಯಾಗಿದೆಯೇ ಎಂದು ತಿಳಿಯಲು ಟಿಬಿಯಾದ ಒಳಬದಿಯ ಮೇಲ್ಮೈ ನೋಡಿ. ಅದರ ಮುಂದಿನ ಅಂಚೂ ಹಿಂದಿನ ಅಂಚೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿ ಕಂಡರೆ ಅಳತೆ ನಂಬಬಹುದು. ಎರಡು ಗೆರೆ ಬೇರೆಬೇರೆಯಾಗಿ ಕಂಡರೆ ಕಿರಣ ಓರೆಯಾಗಿದೆ ಎಂದರ್ಥ. ಸಂದು ವರ್ಷಕ್ಕೆ ಕಿರಿದಾಗುವುದು ಸರಾಸರಿ 0.1 ಮಿ.ಮೀ. ಆಸುಪಾಸು. ಹಾಗಾಗಿ ‘ಹೋದ ವರ್ಷಕ್ಕಿಂತ ಸವೆದಿದೆ’ ಎಂಬ ವರದಿಯಲ್ಲಿ ಬಹುಪಾಲು ನಿಂತ ಭಂಗಿಯ ವ್ಯತ್ಯಾಸವೇ ಇರಬಹುದು.

ನೆಲದಿಂದ ಏಳುವಾಗ, ಮೆಟ್ಟಿಲು ಇಳಿಯುವಾಗ ಮಂಡಿಯ ಮುಂಭಾಗ ನೋಯುವವರಿಗೆ ಸ್ಕೈಲೈನ್ ವ್ಯೂ (ಬಾಗಿಸಿದ ಮಂಡಿಯ ಚಿಪ್ಪನ್ನು ಅಂಚಿನ ಕಡೆಯಿಂದ ತೋರುವ ಎಕ್ಸ್‌ರೇ) ಸೇರಿಸಬೇಕು. ಮಂಡಿಚಿಪ್ಪಿನ ಹಿಂದಿನ ಸಂದು ಸರಿಯಾಗಿ ಕಾಣುವುದು ಅದರಲ್ಲೇ. ಕೆಳಗೆ ಕೂತೇಳುವ ನಮ್ಮ ಮನೆಗಳಲ್ಲಿ ಈ ದೂರು ಮಾಮೂಲಿ. ಆದರೂ ಚೀಟಿಯಲ್ಲಿ ಬಿಟ್ಟುಹೋಗುವ ವ್ಯೂ ಇದೇ.

ವರದಿಯಲ್ಲಿ ಬರುವ ಗ್ರೇಡ್ 0ರಿಂದ 4ರ ಲೆಕ್ಕ ಕೆಲ್‌ಗ್ರೆನ್ ಮತ್ತು ಲಾರೆನ್ಸ್ 1957ರಲ್ಲಿ ಹಾಕಿಕೊಟ್ಟದ್ದು. ಮೂಳೆಯಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ ಖಚಿತವಾಗಿ ಕಂಡರೆ ಗ್ರೇಡ್ 2, ಸಂದು ಖಚಿತವಾಗಿ ಕಿರಿದಾದರೆ 3, ಹೆಚ್ಚುಕಡಿಮೆ ಮುಚ್ಚಿ ಮೂಳೆಯ ಆಕಾರವೇ ಕೆಟ್ಟರೆ 4. ಇದು ಮೂಳೆಯ ಲೆಕ್ಕ, ನೋವಿನದಲ್ಲ. ಗ್ರೇಡ್ 4 ಇದ್ದೂ ಹೊಲದ ಕೆಲಸ ಮಾಡುವವರಿದ್ದಾರೆ, ಗ್ರೇಡ್ 1ಕ್ಕೇ ನಿದ್ದೆಗೆಟ್ಟವರೂ ಇದ್ದಾರೆ. ಗ್ರೇಡ್ ಒಂದನ್ನೇ ನೋಡಿ ಮಂಡಿ ಬದಲಿಸುವ ಮಾತಾಡುವುದು ಸರಿಯಲ್ಲ.

ಇನ್ನು ಎಂಆರ್‌ಐ. ಕಾರ್ಟಿಲೇಜ್, ಮೆನಿಸ್ಕಸ್ (ಎರಡು ಮೂಳೆಗಳ ನಡುವಿನ ಮೆತ್ತೆ), ಮೂಳೆಮಜ್ಜೆಯೊಳಗಿನ ಊತ, ಕೀಲಿನ ಒಳಪೊರೆಯ ಉರಿಯೂತ ಎಲ್ಲವೂ ಅದರಲ್ಲಿ ಕಾಣುತ್ತವೆ. ಮಜ್ಜೆಯ ಊತಕ್ಕೆ ಕೊಬ್ಬಿನ ಹೊಳಪನ್ನು ಅಡಗಿಸುವ ಸೀಕ್ವೆನ್ಸ್ (ಸ್ಕ್ಯಾನಿನ ಒಂದು ಬಗೆ) ಇರಲೇಬೇಕು, ಇಲ್ಲವಾದರೆ ಊತ ಕೊಬ್ಬಿನಲ್ಲೇ ಕರಗಿಹೋಗುತ್ತದೆ. ಸಂಶೋಧನೆಗೆ ಈ ಯಂತ್ರ ವರದಾನ: ಅಮೆರಿಕದ ಆಸ್ಟಿಯೋಆರ್ಥ್ರೈಟಿಸ್ (ಕೀಲು ಸವೆತ) ಇನಿಷಿಯೇಟಿವ್ ಎಂಬ ಅಧ್ಯಯನ 4,796 ಜನರ ಮಂಡಿಗಳನ್ನು ಪ್ರಬಲ ಕಾಂತದ 3 ಟೆಸ್ಲಾ ಎಂಆರ್‌ಐನಲ್ಲಿ ವರ್ಷಗಟ್ಟಲೆ ಹಿಂಬಾಲಿಸಿತು. ತೊಂದರೆಯೆಂದರೆ ಅದಕ್ಕೆ ಕಾಣುವುದು ಅತಿಯಾಯಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50 ದಾಟಿದ, ಎಕ್ಸ್‌ರೇಯಲ್ಲಿ ಸವೆತವಿಲ್ಲದ 710 ಜನರನ್ನು ಸ್ಕ್ಯಾನ್ ಮಾಡಿದಾಗ 89% ಮಂದಿಯಲ್ಲಿ ಏನಾದರೊಂದು ದೋಷ ಸಿಕ್ಕಿತು. ನೋವಿಲ್ಲದವರಲ್ಲೂ ಆ ಪ್ರಮಾಣ ಹೆಚ್ಚೇನೂ ಕಡಿಮೆ ಇರಲಿಲ್ಲ. ಅರವತ್ತರವರ ವರದಿಯಲ್ಲಿ ‘ಮೆನಿಸ್ಕಸ್ ಹರಿದಿದೆ’ ಎಂದು ಓದಿ ದುರ್ಬೀನು ಹಾಕಿಸಿಕೊಳ್ಳಲು (ಆರ್ಥ್ರೋಸ್ಕೋಪಿ) ಓಡಬೇಕಿಲ್ಲ. ಸವೆತದ ಮಂಡಿಗೆ ಆರ್ಥ್ರೋಸ್ಕೋಪಿ ಬೇಡವೆಂದು 2017ರಲ್ಲೇ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯ ಮಾರ್ಗಸೂಚಿ ಖಡಾಖಂಡಿತವಾಗಿ ಹೇಳಿದೆ.

ಎಂಆರ್‌ಐ ನಿಜಕ್ಕೂ ಬೇಕಾಗುವ ಸಂದರ್ಭಗಳಿವೆ. ಎಕ್ಸ್‌ರೇ ಸರಿಯಿದ್ದೂ ಒಮ್ಮೆಲೇ ಕಾಲೂರಲಾಗದಷ್ಟು ನೋವು ಬಂದರೆ ಕಾರ್ಟಿಲೇಜ್ ಕೆಳಗಿನ ಮೂಳೆ ಸಣ್ಣದಾಗಿ ಬಿರುಕು ಬಿಟ್ಟಿರಬಹುದು. ಎಕ್ಸ್‌ರೇಗೆ ಅದು ಮೊದಮೊದಲು ಸಿಗುವುದಿಲ್ಲ. ಪೆಟ್ಟುಬಿದ್ದ ಮೇಲೆ ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೂ, ಮಲಗಿದಾಗಲೂ ಬಿಡದ ನೋವಿದ್ದರೂ ಸ್ಕ್ಯಾನ್ ನ್ಯಾಯವೇ. ಜ್ವರದೊಂದಿಗೆ ಮಂಡಿ ಊದಿ ಬಿಸಿಯಾಗಿದ್ದರೆ ಮಾತ್ರ ಚಿತ್ರಕ್ಕೆಂದು ಕಾಯಬಾರದು, ಅಂದೇ ಆಸ್ಪತ್ರೆಗೆ ಹೋಗಿ ಕೀಲಿನ ನೀರು ತೆಗೆಸಿ ಪರೀಕ್ಷಿಸಬೇಕು.

ಚೀಟಿಯಲ್ಲಿ ಬರಿದೇ ‘ಮಂಡಿ ಎಕ್ಸ್‌ರೇ’ ಎಂದಿದ್ದರೆ ಮಲಗಿಸಿ ತೆಗೆಯುವ ಸಾಧ್ಯತೆಯೇ ಹೆಚ್ಚು. ‘ಎರಡೂ ಮಂಡಿ, ನಿಂತು, ಬಾಗಿಸಿ, ಲ್ಯಾಟರಲ್ (ಪಕ್ಕದಿಂದ), ಸ್ಕೈಲೈನ್’ ಎಂದು ಬರೆಸಿಕೊಳ್ಳಿ. ಹಳೆಯ ಫಿಲ್ಮ್ ಅಥವಾ ಸಿಡಿಯನ್ನೇ ತನ್ನಿ. ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಕ್ಲಿಕ್ಕಿಸಿದ ಫೋಟೊದಿಂದ ಮಿಲಿಮೀಟರ್ ಅಳೆಯಲಾಗದು.