ಪರೀಕ್ಷೆಯಲ್ಲಿ ಪಾಸಾದ ಕಾರನ್ನು ರಸ್ತೆಯಲ್ಲಿ ಮತ್ತೆ ಏಕೆ ಅಳೆಯಬೇಕು?

ಪ್ರಶ್ನೆ: ಹೊಸ ಕಾರುಗಳೆಲ್ಲ ಹೊಗೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಮಾರಾಟಕ್ಕೆ ಬರುತ್ತವೆ. ಹಾಗಿರುವಾಗ ರಸ್ತೆಯ ಮೇಲೆ ಮತ್ತೆ ಅಳೆಯುವುದು, ಓಡುವ ಕಾರಿನಿಂದ ದತ್ತಾಂಶ ಸಂಗ್ರಹಿಸುವುದು ಏತಕ್ಕೆ? ಇದರಿಂದ ಹೊಗೆ ನಿಜಕ್ಕೂ ಕಡಿಮೆಯಾಗುತ್ತದೆಯೇ?

ಉತ್ತರ: ಕಡಿಮೆಯಾಗುತ್ತದೆ, ಆದರೆ ಅಳತೆ ಮಾಡಿದ ಮಾತ್ರಕ್ಕೆ ಅಲ್ಲ. ಅಳೆದು ಕಂಡದ್ದು ಕಾನೂನನ್ನೋ ಎಂಜಿನ್ನಿನ ವಿನ್ಯಾಸವನ್ನೋ ಬದಲಿಸಿದಾಗ ಮಾತ್ರ ಅದರ ಫಲ ಗಾಳಿಯಲ್ಲಿ ಕಾಣುತ್ತದೆ.

ಪ್ರಯೋಗಾಲಯದಲ್ಲಿ ಪರೀಕ್ಷೆಗೆ ನಿಂತ ಕಾರು ಎಲ್ಲಿಗೂ ಹೋಗುವುದಿಲ್ಲ. ಅದರ ಚಕ್ರಗಳು ರೋಲರುಗಳ ಮೇಲೆ ನಿಂತಲ್ಲೇ ಉರುಳುತ್ತವೆ; ಯಾವ ಸೆಕೆಂಡಿನಲ್ಲಿ ಎಷ್ಟು ವೇಗವಿರಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಯುರೋಪಿನಲ್ಲಿ 2017ರಲ್ಲಿ ಹೊಸ ಪದ್ಧತಿ ಬರುವ ತನಕ ಬಳಕೆಯಲ್ಲಿದ್ದ ಎನ್‌ಇಡಿಸಿ ಪರೀಕ್ಷೆಯಲ್ಲಿ ಕಾರು ಇಪ್ಪತ್ತು ನಿಮಿಷಕ್ಕಿಂತ ತುಸು ಕಡಿಮೆ ಹೊತ್ತಿನಲ್ಲಿ ಸುಮಾರು 11 ಕಿ.ಮೀ. ‘ಓಡುತ್ತಿತ್ತು’. ಏರು, ಎದುರುಗಾಳಿ, ಮೈ ಸುಡುವ ಬಿಸಿಲು, ಅವಸರದ ಚಾಲಕ ಯಾವುದೂ ಅಲ್ಲಿರಲಿಲ್ಲ. ಎಲ್ಲ ಕಾರುಗಳನ್ನೂ ಒಂದೇ ಸ್ಥಿತಿಯಲ್ಲಿಟ್ಟು ಹೋಲಿಸಲು ಇಂಥ ಪರೀಕ್ಷೆ ಬೇಕೇ ಬೇಕು. ಅದು ಕೊಡುವ ಅಂಕಿಯನ್ನು ರಸ್ತೆಯ ಅಂಕಿಯೆಂದು ನಂಬಿದ್ದು ನಮ್ಮ ತಪ್ಪು. ಉದಾಹರಣೆಗೆ, ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾದ ನಂತರವೇ ಸರಿಯಾಗಿ ಕೆಲಸಕ್ಕೆ ತೊಡಗುತ್ತದೆ. ಒಂದೆರಡು ಕಿ.ಮೀ. ದೂರದ ಪ್ರಯಾಣಗಳಿಗಷ್ಟೇ ಬಳಕೆಯಾಗುವ ಕಾರಿನಲ್ಲಿ ಅದು ಬಿಸಿಯಾಗುವಷ್ಟರಲ್ಲಿ ಪ್ರಯಾಣವೇ ಮುಗಿದಿರುತ್ತದೆ.

ಪರೀಕ್ಷೆಗೂ ರಸ್ತೆಗೂ ನಡುವಿನ ಈ ಬಿರುಕಿನಲ್ಲಿ ಮೋಸಕ್ಕೂ ಜಾಗವಿತ್ತು. 2013ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಾರುಗಳಲ್ಲೇ ಒಯ್ಯಬಹುದಾದ ಹೊಗೆ ಮಾಪಕವನ್ನಿಟ್ಟುಕೊಂಡು ಅಮೆರಿಕದ ರಸ್ತೆಗಳಲ್ಲಿ ಓಡಾಡಿದಾಗ, ಫೋಕ್ಸ್‌ವ್ಯಾಗನ್ ಕಂಪನಿಯ ಒಂದು ಡೀಸೆಲ್ ಕಾರು ಮಿತಿಯ 35 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡುಗಳನ್ನು ಉಗುಳುತ್ತಿದ್ದುದು ಕಂಡಿತು. ಸ್ಟೀರಿಂಗಿನ ಸ್ಥಿತಿ, ವೇಗ, ಎಂಜಿನ್ ಚಾಲೂ ಇರುವ ಅವಧಿ ಇವುಗಳಿಂದ ‘ಈಗ ಪರೀಕ್ಷೆ ನಡೆಯುತ್ತಿದೆ’ ಎಂದು ಗುರುತಿಸಿ ಆಗ ಮಾತ್ರ ಶುದ್ಧೀಕರಣವನ್ನು ಪೂರ್ಣವಾಗಿ ಚಾಲೂ ಮಾಡುವ ತಂತ್ರಾಂಶವನ್ನು ಕಾರಿನಲ್ಲಿ ಅಡಗಿಸಿಡಲಾಗಿತ್ತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಬಹಿರಂಗಪಡಿಸಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಆ ತಂತ್ರಾಂಶವಿದೆಯೆಂದು ಕಂಪನಿಯೂ ಒಪ್ಪಿಕೊಂಡಿತು. ‘ಸ್ಮಾರ್ಟ್’ ತಂತ್ರಜ್ಞಾನವೆಂದರೆ ತಾನಾಗಿಯೇ ಸ್ವಚ್ಛವೆಂದು ಭಾವಿಸುವವರು ಈ ಪ್ರಕರಣವನ್ನು ನೆನಪಿಡುವುದು ಒಳ್ಳೆಯದು: ಆ ತಂತ್ರಾಂಶವೂ ಸ್ಮಾರ್ಟ್ ಆಗಿಯೇ ಇತ್ತು.

2017ರ ಸೆಪ್ಟೆಂಬರಿನಿಂದ ಯುರೋಪಿನಲ್ಲಿ ಹೊಸ ಮಾದರಿಯ ಕಾರುಗಳು ಪ್ರಯೋಗಾಲಯದ ಜೊತೆಗೆ ರಸ್ತೆಯ ಮೇಲೂ ಮಿತಿಯನ್ನು ಪಾಲಿಸಬೇಕಾಯಿತು. ಆರಂಭದಲ್ಲಿ ಮಿತಿಯ 2.1 ಪಟ್ಟಿನವರೆಗೆ ವಿನಾಯಿತಿಯಿತ್ತು, ಮುಂದೆ ಅದನ್ನು ಬಿಗಿಗೊಳಿಸಲಾಯಿತು.

ಇದಕ್ಕಿಂತಲೂ ಹೆಚ್ಚು ತಿಳಿವು ಸಿಕ್ಕಿದ್ದು, ನನ್ನ ದೃಷ್ಟಿಯಲ್ಲಿ, ಕಾರಿನೊಳಗೇ ಸದ್ದಿಲ್ಲದೆ ನಡೆಯುವ ಇಂಧನ ಲೆಕ್ಕದಿಂದ. 2021ರಿಂದ ಯುರೋಪಿನ ಹೊಸ ಕಾರುಗಳು ತಾವು ಸುಟ್ಟ ಇಂಧನವನ್ನೂ ಕ್ರಮಿಸಿದ ದೂರವನ್ನೂ ದಾಖಲಿಸಿಡಬೇಕು. ಆ ದಾಖಲೆಗಳನ್ನು ಒಟ್ಟುಗೂಡಿಸಿ ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು ರಸ್ತೆಯಲ್ಲಿ ಹೊರಸೂಸುವ ಇಂಗಾಲದ ಡೈಆಕ್ಸೈಡ್ ಅಧಿಕೃತ ಅಂಕಿಗಿಂತ ಸುಮಾರು 20 ಪ್ರತಿಶತ ಹೆಚ್ಚು. ಚಾರ್ಜ್ ಮಾಡಿ ಬ್ಯಾಟರಿಯಲ್ಲೂ, ಇಲ್ಲವೇ ಇಂಧನದಲ್ಲೂ ಓಡಿಸಬಹುದಾದ ಪ್ಲಗ್-ಇನ್ ಹೈಬ್ರಿಡ್ ಕಾರುಗಳಲ್ಲಿ ಅದು ಅಧಿಕೃತ ಅಂಕಿಯ ಸರಾಸರಿ ಮೂರೂವರೆ ಪಟ್ಟು! ಇಲ್ಲಿ ಯಾರೂ ತಂತ್ರಾಂಶ ಬಚ್ಚಿಟ್ಟಿರಲಿಲ್ಲ. ಮಾಲೀಕರು ಬಹುಪಾಲು ಬ್ಯಾಟರಿಯಲ್ಲೇ ಓಡಿಸುತ್ತಾರೆಂದು ಲೆಕ್ಕ ಹಾಕಿದ್ದವರ ಊಹೆ ಹುಸಿಯಾಯಿತು. ಜನ ಅಷ್ಟಾಗಿ ಚಾರ್ಜ್ ಮಾಡುತ್ತಲೇ ಇರಲಿಲ್ಲ. 2025ರಿಂದ ಹೊಸ ಮಾದರಿಗಳಿಗೆ ಆ ಊಹೆಯನ್ನೇ ತಿದ್ದಲಾಗಿದೆ.

ಹಳೆಯ ವಾಹನಗಳ ಮಾತು ಬೇರೆ. ಅವುಗಳಿಗೆ ದೂರಸಂವೇದಿ ಮಾಪನ ಒದಗುತ್ತದೆ: ರಸ್ತೆಗೆ ಅಡ್ಡಲಾಗಿ ಹಾಯಿಸಿದ ಅವಕೆಂಪು ಮತ್ತು ನೇರಳಾತೀತ ಕಿರಣವನ್ನು ಹಾದುಹೋಗುವ ವಾಹನದ ಹೊಗೆ ಎಷ್ಟು ಹೀರಿತು ಎಂಬುದರಿಂದ ಒಂದು ಸೆಕೆಂಡಿನೊಳಗೆ ಅದರ ಮಾಲಿನ್ಯವನ್ನು ಅಂದಾಜಿಸಬಹುದು. ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ 1980ರ ದಶಕದ ಕೊನೆಯಲ್ಲಿ ರೂಪಿಸಿದ ಈ ವಿಧಾನ, ಮಾಲಿನ್ಯದ ಬಹುಪಾಲು ಕೆಲವೇ ಕೆಟ್ಟ ವಾಹನಗಳಿಂದ ಬರುತ್ತದೆಂಬುದನ್ನು ಮತ್ತೆ ಮತ್ತೆ ತೋರಿಸಿದೆ. ಎಲ್ಲರನ್ನೂ ತಪಾಸಣೆಯ ಸಾಲಿನಲ್ಲಿ ನಿಲ್ಲಿಸುವ ಬದಲು ಆ ಕೆಲವನ್ನು ಹುಡುಕಿ ದುರಸ್ತಿ ಮಾಡಿಸುವುದು ಹೆಚ್ಚು ಫಲಕಾರಿ.

ದಟ್ಟಣೆ ನೋಡಿ ಬದಲಾಗುವ ಸಿಗ್ನಲ್‌ಗಳ ಬಗ್ಗೆ ಪ್ರಚಾರ ಹೆಚ್ಚು. ನಿಂತು ಹೊರಡುವ ಪ್ರತಿ ಸಲವೂ ಇಂಧನ ವ್ಯಯವಾಗುವುದರಿಂದ ಅವು ಉಪಯುಕ್ತವೇ. ಆದರೆ ಸುಗಮವಾದ ರಸ್ತೆ ಇನ್ನಷ್ಟು ವಾಹನಗಳನ್ನು ಕರೆತರುತ್ತದೆ, ಗಳಿಸಿದ್ದು ಅಲ್ಲೇ ಕರಗುತ್ತದೆ. ಸ್ಟಾಕ್‌ಹೋಮ್ ನಗರ 2006ರಲ್ಲಿ ಪ್ರಯೋಗಕ್ಕೆಂದು ದಟ್ಟಣೆ ಶುಲ್ಕ ವಿಧಿಸಿ, ಕ್ಯಾಮೆರಾಗಳಿಂದ ನಂಬರ್ ಪ್ಲೇಟ್ ಗುರುತಿಸಿ ವಸೂಲಿ ಮಾಡಿದಾಗ, ನಗರದ ಒಳಭಾಗಕ್ಕೆ ಹೋಗಿಬರುವ ವಾಹನಗಳು ಸುಮಾರು ಐದನೇ ಒಂದರಷ್ಟು ಇಳಿದವು. 2007ರಲ್ಲಿ ಶುಲ್ಕ ಕಾಯಂ ಆಯಿತು. ಅಲ್ಲಿ ಕ್ಯಾಮೆರಾ ಕೇವಲ ಸಾಧನ, ಕೆಲಸ ಮಾಡಿದ್ದು ಶುಲ್ಕ.

ಕಾರು ನಮ್ಮ ಓಡಾಟವನ್ನೆಲ್ಲ ವರದಿ ಮಾಡುತ್ತದೆಯೇ ಎಂಬ ಅಳುಕು ಸಹಜ. ಯುರೋಪಿನ ಇಂಧನ ಲೆಕ್ಕಕ್ಕೆ ಎಲ್ಲಿಗೆ ಹೋದಿರಿ ಎಂಬುದು ಬೇಕಿಲ್ಲ, ಎಷ್ಟು ದೂರ ಹೋಗಿ ಎಷ್ಟು ಸುಟ್ಟಿರಿ ಎಂಬುದಷ್ಟೇ ಸಾಕು. ಅದನ್ನೂ ಕೊಡಲೊಲ್ಲೆನೆಂದು ಹೇಳುವ ಹಕ್ಕು ಮಾಲೀಕರಿಗಿದೆ.