ಬಂಡೆಯಿಂದ ಛಾವಣಿಗೆ: ಸೀಗಲ್‌ಗಳು ಊರು ಸೇರಿದ ಬಗೆ

ಬ್ರಿಟನ್ನಿನ ಕಡಲತೀರದ ಊರುಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಸೀಗಲ್ ಅಥವಾ ಗಲ್ ಎಂಬ ಕಡಲಹಕ್ಕಿಗಳ ಸುತ್ತ ಒಂದೇ ಬಗೆಯ ವಿವಾದ ಏಳುತ್ತದೆ. ಕೈಯಲ್ಲಿದ್ದ ತಿಂಡಿಯನ್ನು ಕಿತ್ತುಕೊಂಡು ಹಾರುತ್ತವೆ, ನಸುಕಿನಲ್ಲೇ ಕಿರುಚಿ ನಿದ್ದೆ ಕೆಡಿಸುತ್ತವೆ, ಮರಿಗಳಿರುವ ದಿನಗಳಲ್ಲಿ ದಾರಿಹೋಕರ ತಲೆಯ ಮೇಲೆ ಎರಗುತ್ತವೆ ಎಂಬ ದೂರುಗಳು ಸ್ಥಳೀಯ ಆಡಳಿತಕ್ಕೆ ತಲುಪುತ್ತವೆ. ಇವುಗಳ ಸಂಖ್ಯೆಯನ್ನು ತಗ್ಗಿಸಬೇಕೆಂಬ ಒತ್ತಾಯವೂ ಬೆನ್ನಿಗೇ ಬರುತ್ತದೆ. ಆದರೆ ಈ ಹಕ್ಕಿಗಳಲ್ಲಿ ಜನರಿಗೆ ಹೆಚ್ಚು ಪರಿಚಿತವಾದ ಹೆರಿಂಗ್ ಗಲ್ 2009ರಿಂದ ಅದೇ ದೇಶದ ಪಕ್ಷಿ ಸಂರಕ್ಷಣೆಯ ಕೆಂಪು ಪಟ್ಟಿಯಲ್ಲಿದೆ, ಎಂದರೆ ಅತಿ ಹೆಚ್ಚು ಕಾಳಜಿ ಬೇಕಾದ ಹಕ್ಕಿಗಳ ಪಟ್ಟಿಯಲ್ಲಿದೆ. ಊರಿನ ಛಾವಣಿಗಳ ಮೇಲೆ ಕಿಕ್ಕಿರಿದು ಕಾಣುವ ಹಕ್ಕಿ ತನ್ನ ಮೂಲ ನೆಲೆಯಾದ ಕಡಲಂಚಿನ ಬಂಡೆಗಳಲ್ಲಿ ಕರಗುತ್ತಿದೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡದೆ ನಡೆಯುವ ಚರ್ಚೆ ಎಲ್ಲಿಗೂ ಮುಟ್ಟುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲಹಕ್ಕಿಗಳನ್ನು ಮೋಜಿಗಾಗಿ ಗುಂಡಿಟ್ಟು ಕೊಲ್ಲುತ್ತಿದ್ದರು, ಮೊಟ್ಟೆಗಳನ್ನು ತಿನ್ನಲು ಒಯ್ಯುತ್ತಿದ್ದರು, ಗರಿಗಳನ್ನು ಟೋಪಿಗಳ ಅಲಂಕಾರಕ್ಕೆ ಮಾರುತ್ತಿದ್ದರು. ಗೂಡು ಕಟ್ಟುವ ಕಾಲದಲ್ಲಿ ಅವುಗಳನ್ನು ಕೊಲ್ಲದಂತೆ 1869ರಲ್ಲಿ ಬ್ರಿಟನ್ನಿನಲ್ಲಿ ಕಾನೂನು ಬಂತು. ಅಮೆರಿಕದಲ್ಲಿ ವಲಸೆ ಹಕ್ಕಿಗಳ ರಕ್ಷಣೆಯ ಕಾಯ್ದೆ 1918ರಲ್ಲಿ ಬಂತು. ಅಳಿವಿನತ್ತ ಸಾಗಿದ್ದ ಗಲ್‌ಗಳು ಮುಂದಿನ ದಶಕಗಳಲ್ಲಿ ಚೇತರಿಸಿಕೊಂಡವು. ಅಲ್ಲಿಯವರೆಗಿನ ಕಥೆ ಸರಳ.

ಅದು ಜಟಿಲವಾದದ್ದು ಎರಡನೆಯ ಮಹಾಯುದ್ಧದ ನಂತರ, ಮತ್ತು ಅದಕ್ಕೆ ಕಾರಣವಾದದ್ದು ಹಕ್ಕಿಗಳಿಗೆ ಸಂಬಂಧವೇ ಇಲ್ಲದ ತೀರ್ಮಾನಗಳು. ಹಿಂದೆ ಮನೆಯ ಕಸದ ಬಹುಭಾಗ ಒಲೆಯಲ್ಲೇ ಉರಿದು ಬೂದಿಯಾಗುತ್ತಿತ್ತು. ಉಳಿದದ್ದನ್ನು ಕಸ ಸುರಿಯುವ ತಾಣಗಳಲ್ಲಿಯೂ ಸುಡುತ್ತಿದ್ದರು. ಲಂಡನ್ನಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ 1952ರ ಹೊಗೆಮಂಜಿನ ಬಳಿಕ, 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಜಾರಿಯಾಯಿತು. ಕಲ್ಲಿದ್ದಲ ಒಲೆಗಳು ಕ್ರಮೇಣ ಮನೆಗಳಿಂದ ಮರೆಯಾದವು, ಕಸವನ್ನು ಬಯಲಲ್ಲಿ ಸುಡುವುದು ಕಡಿಮೆಯಾಯಿತು, ಉಂಡುಳಿದ ಆಹಾರವೆಲ್ಲ ಹಸಿಯಾಗಿಯೇ ರಾಶಿ ಬೀಳತೊಡಗಿತು. ಜನರ ಉಸಿರನ್ನು ಕಾಪಾಡಿದ ಆ ಕಾಯ್ದೆಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ಚಳಿಗಾಲದಲ್ಲಿ ಎಷ್ಟೋ ಹಕ್ಕಿಗಳು ಹಸಿವಿನಿಂದ ಸಾಯುತ್ತಿದ್ದ ಒಂದು ಜಾತಿಗೆ ವರ್ಷವಿಡೀ ಬರಿದಾಗದ ಉಣಿಸಿನ ತಾಣಗಳು ದೇಶದುದ್ದಕ್ಕೂ ಸಿಕ್ಕವು. ಮೀನುಗಾರಿಕೆಯ ದೋಣಿಗಳು ಬೇಡವೆಂದು ಕಡಲಿಗೆ ಎಸೆಯುತ್ತಿದ್ದ ಮೀನು ಮತ್ತು ಕರುಳುಗಳೂ ಇದಕ್ಕೆ ಸೇರಿದವು.

ಹೊಟ್ಟೆ ತುಂಬಿದ ಮೇಲೆ ಗೂಡಿಗೆ ಜಾಗ ಬೇಕಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಅಲ್ಲೊಂದು ಇಲ್ಲೊಂದು ಜೋಡಿ ಕಡಲತೀರದ ಮನೆಗಳ ಮೇಲೆ ಗೂಡು ಕಟ್ಟಿದ್ದುಂಟು. 1969–70ರ ರಾಷ್ಟ್ರೀಯ ಗಣತಿಯ ವೇಳೆಗೆ ಬ್ರಿಟನ್ ಮತ್ತು ಐರ್ಲೆಂಡಿನ ಕಟ್ಟಡಗಳ ಮೇಲೆ ಸಾವಿರಕ್ಕೂ ಮೀರಿ ಜೋಡಿಗಳು ಕಂಡುಬಂದವು. 1970ರ ದಶಕದ ಆರಂಭದಲ್ಲಿ ಬ್ರಿಸ್ಟಲ್ ನಗರದ ಛಾವಣಿಗಳಲ್ಲೂ ಗೂಡುಗಳು ಕಾಣಿಸಿಕೊಂಡವು. ಗಲ್‌ನ ಕಣ್ಣಿಗೆ ಛಾವಣಿಯು ಕಡಲಿನ ಬಂಡೆಗಿಂತ ಕಡಿಮೆಯೇನಲ್ಲ. ಹಲವು ವಿಷಯಗಳಲ್ಲಿ ಅದಕ್ಕಿಂತ ಉತ್ತಮ. ನರಿ ಅಲ್ಲಿಗೆ ಏರಲಾರದು. ಹೊಗೆಕೊಳವೆಯ ಬುಡ ಗಾಳಿಗೆ ಮರೆಯಾಗುತ್ತದೆ. ನಗರದ ಗಾಳಿ ಸುತ್ತಲಿನ ಬಯಲಿಗಿಂತ ಬೆಚ್ಚಗಿರುತ್ತದೆ, ಬೀದಿ ದೀಪದ ಬೆಳಕಿನಲ್ಲಿ ರಾತ್ರಿಯೂ ಆಹಾರ ಹುಡುಕಬಹುದು. ಬಂಡೆಯ ಮೇಲಿನ ದಟ್ಟ ಗುಂಪಿನಲ್ಲಿ ಅಲೆದಾಡುವ ಮರಿಯನ್ನು ನೆರೆಯ ಗಲ್‌ಗಳೇ ಕುಕ್ಕಿ ಕೊಲ್ಲುತ್ತವೆ. ಗೂಡುಗಳ ನಡುವೆ ಅಂತರವಿರುವ ಛಾವಣಿಗಳಲ್ಲಿ ಆ ಭಯ ಕಡಿಮೆ. ಸಾಮಾನ್ಯವಾಗಿ ಮೂರು ಮೊಟ್ಟೆಯಿಡುವ, ನಾಲ್ಕನೆಯ ವಯಸ್ಸಿನ ಸುಮಾರಿಗೆ ಮರಿ ಮಾಡಲು ತೊಡಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ ಹಕ್ಕಿಗೆ ಇಷ್ಟು ಅನುಕೂಲಗಳು ಕೂಡಿಬಂದರೆ ಸಂತತಿ ಬೆಳೆಯುವುದು ಸಹಜ. ಛಾವಣಿಯ ಮೇಲೆ ಹುಟ್ಟಿದ ಹಕ್ಕಿ ಸಾಮಾನ್ಯವಾಗಿ ಛಾವಣಿಯನ್ನೇ ಹುಡುಕಿಕೊಂಡು ಬರುತ್ತದೆ.

ಇದೇ ಅವಧಿಯಲ್ಲಿ ಕಡಲಿನ ನೆಲೆಗಳಲ್ಲಿ ನಡೆದದ್ದು ಬೇರೆಯೇ. ಗಲ್‌ಗಳ ಸಂಖ್ಯೆ ಮಿತಿಮೀರಿತೆಂದು ಸ್ಕಾಟ್ಲೆಂಡಿನ ಮೇ ದ್ವೀಪದಲ್ಲಿ 1972ರಿಂದ ಸಾವಿರಗಟ್ಟಲೆ ಹಕ್ಕಿಗಳನ್ನು ಕೊಲ್ಲಲಾಯಿತು. ಟರ್ನ್‌ನಂತಹ ಸಣ್ಣ ಕಡಲಹಕ್ಕಿಗಳಿಗೆ ಜಾಗ ಉಳಿಸುವುದು ಅದರ ಉದ್ದೇಶವಾಗಿತ್ತು. ಆದರೆ ಅಂತಹ ಒತ್ತಡಕ್ಕೆ ಸಿಕ್ಕ ನೆಲೆಗೆ ಎಳೆಯ ಹಕ್ಕಿಗಳು ಬರಲು ಹಿಂಜರಿದು ಬೇರೆಡೆ ಗೂಡು ಹುಡುಕುತ್ತವೆ ಎಂಬುದನ್ನು ಅಧ್ಯಯನಗಳು ತೋರಿಸಿದವು. ಮುಂದೆ ಕಸದ ತಾಣಗಳಲ್ಲಿ ಹರಡಿದ ಬೊಟುಲಿಸಂ ಎಂಬ ವಿಷಬಾಧೆಯಿಂದ, ಅದರಲ್ಲೂ ಐರ್ಲೆಂಡಿನಲ್ಲಿ, ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು.

ಬಳಿಕ ಕಸದ ನೀತಿ ಇನ್ನೊಮ್ಮೆ ಬದಲಾಯಿತು. 1996ರಲ್ಲಿ ಬ್ರಿಟನ್ ನೆಲದಲ್ಲಿ ಕಸ ಹೂಳುವುದರ ಮೇಲೆ ತೆರಿಗೆ ಹೇರಿತು. 1999ರ ಯುರೋಪಿಯನ್ ನಿರ್ದೇಶನವು ಕೊಳೆಯುವ ಕಸವನ್ನು ಹೂಳುವುದನ್ನು ಹಂತಹಂತವಾಗಿ ಕಡಿಮೆ ಮಾಡುವಂತೆ ಹೇಳಿತು. ಇದೂ ಒಳ್ಳೆಯ ಕ್ರಮವೇ. ಆದರೆ ತಾಣಗಳು ಮುಚ್ಚುತ್ತ ಬಂದಾಗ, ಅವುಗಳನ್ನು ನಂಬಿ ಬೆಳೆದ ಹಕ್ಕಿಗಳು ಆಗಲೇ ಊರಿನವಾಗಿದ್ದವು. ಅವು ಬೀದಿಗಿಳಿದವು. ಹಿಂದಿನ ರಾತ್ರಿಯೇ ಮನೆಯ ಮುಂದೆ ಇಡುವ ತೆಳು ಪ್ಲಾಸ್ಟಿಕ್ ಚೀಲಗಳು, ತುಂಬಿ ತುಳುಕುವ ಕಸದ ಡಬ್ಬಿಗಳು ಮತ್ತು ಪ್ರವಾಸಿಗರ ಕೈಯಲ್ಲಿನ ತಿಂಡಿಯ ಪೊಟ್ಟಣಗಳು ಅವುಗಳಿಗೆ ಸುಲಭವಾಗಿ ಎಟುಕುವಂತಿದ್ದವು. ದೂರುಗಳು ಹೆಚ್ಚಿದ್ದನ್ನು ಹಕ್ಕಿಗಳ ಸ್ವಭಾವ ಕೆಟ್ಟಿತೆಂದು ವಿವರಿಸುವುದಕ್ಕಿಂತ, ಉಣಿಸು ಊರಾಚೆಯಿಂದ ಊರೊಳಕ್ಕೆ ಸರಿದದ್ದರಿಂದ ವಿವರಿಸುವುದು ಹೆಚ್ಚು ನ್ಯಾಯವೆನಿಸುತ್ತದೆ.

ಉಪಾಯಗಳಿಗೆ ಕೊರತೆಯಾಗಲಿಲ್ಲ. ಛಾವಣಿಗೆ ಮೊಳೆಗಳ ಸಾಲು ಹಾಕಿದರು, ಬಲೆ ಹೊದಿಸಿದರು, ಗಿಡುಗಗಳನ್ನು ಹಾರಿಸಿದರು. ಮೊಟ್ಟೆ ತೆಗೆದರೆ ಹಕ್ಕಿ ಮತ್ತೆ ಮೊಟ್ಟೆಯಿಡುವುದರಿಂದ, ಮೊಟ್ಟೆ ಮರಿಯಾಗದಂತೆ ಅದಕ್ಕೆ ಎಣ್ಣೆ ಸವರುವ ಅಥವಾ ಅದರ ಜಾಗದಲ್ಲಿ ಹುಸಿ ಮೊಟ್ಟೆ ಇಡುವ ಪದ್ಧತಿ ಬಂತು. ಒಂದು ಕಟ್ಟಡದಿಂದ ಓಡಿಸಿದ ಜೋಡಿ ಬಹಳ ಸಲ ಪಕ್ಕದ ಕಟ್ಟಡವನ್ನು ಸೇರಿತು. ಸಡಿಲಗೊಂಡ ಬಲೆಗಳಲ್ಲಿ ಸಿಕ್ಕಿ ಹಕ್ಕಿಗಳು ನರಳಿ ಸತ್ತ ಪ್ರಸಂಗಗಳು ಬೇರೆ. ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಗಲ್‌ಗಳನ್ನು ಕೊಲ್ಲುವುದು, ಬಳಕೆಯಲ್ಲಿರುವ ಗೂಡನ್ನು ಅಥವಾ ಮೊಟ್ಟೆಯನ್ನು ನಾಶಮಾಡುವುದು ಅಪರಾಧ. 2015ರ ಬೇಸಿಗೆಯಲ್ಲಿ ಸಾಕುಪ್ರಾಣಿಗಳ ಮೇಲೆ ದಾಳಿಯಾದ ಸುದ್ದಿಗಳ ನಡುವೆ, ಈ ಬಗ್ಗೆ ದೊಡ್ಡ ಚರ್ಚೆಯಾಗಬೇಕೆಂದು ಆಗಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಹೇಳಿದ್ದರು. 2020ರಲ್ಲಿ ಇಂಗ್ಲೆಂಡ್ ಇನ್ನಷ್ಟು ಬಿಗಿಯಾದ ದಾರಿ ಹಿಡಿದು, ಪ್ರತಿ ಪ್ರಕರಣಕ್ಕೂ ಪ್ರತ್ಯೇಕ ಪರವಾನಗಿ ಪಡೆಯುವ ಪದ್ಧತಿಯನ್ನು ತಂದಿತು.

ಈ ಗದ್ದಲದ ನಡುವೆ ಹಕ್ಕಿಗಳ ನಡವಳಿಕೆಯನ್ನು ತಾಳ್ಮೆಯಿಂದ ಗಮನಿಸಿದವರೂ ಇದ್ದಾರೆ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಪ್ಸ್ ಚೀಲವನ್ನು ನೆಲದ ಮೇಲಿಟ್ಟು 74 ಹೆರಿಂಗ್ ಗಲ್‌ಗಳನ್ನು ಪರೀಕ್ಷಿಸಿದಾಗ ಹತ್ತಿರ ಬರುವ ಧೈರ್ಯ ಮಾಡಿದ್ದು 27 ಮಾತ್ರ. ಮನುಷ್ಯರು ದಿಟ್ಟಿಸಿ ನೋಡುತ್ತಿದ್ದರೆ ಅವು ತಿಂಡಿಯನ್ನು ಮುಟ್ಟಲು ಸರಾಸರಿ 21 ಸೆಕೆಂಡು ಹೆಚ್ಚು ತಡಮಾಡಿದವು. ಬಹುಪಾಲು ಗಲ್‌ಗಳಿಗೆ ನಮ್ಮ ಹೆದರಿಕೆ ಇದ್ದೇ ಇದೆ. ಕೆಟ್ಟ ಹೆಸರು ತರುವುದು ಕೆಲವು ಮಾತ್ರ. ಬ್ರಿಸ್ಟಲ್‌ನಲ್ಲಿ ಜಿಪಿಎಸ್ ಅಳವಡಿಸಿ ಹಿಂಬಾಲಿಸಿದ ಗಲ್‌ಗಳು ಶಾಲೆಯ ಬಿಡುವಿನ ವೇಳೆಗೆ, ಕಸ ವಿಲೇವಾರಿ ಕೇಂದ್ರ ತೆರೆಯುವ ಹೊತ್ತಿಗೆ ಸರಿಯಾಗಿ ಹೊಂದಿಕೊಂಡಿದ್ದವು. ಮನುಷ್ಯರ ದಿನಚರಿಯನ್ನು ಇಷ್ಟು ಚೆನ್ನಾಗಿ ಕಲಿಯುವ ಹಕ್ಕಿ ಆ ದಿನಚರಿ ಬದಲಾದರೂ ಕಲಿಯುತ್ತದೆ. ಗಟ್ಟಿ ಚೀಲಗಳನ್ನು ಹಂಚಿ, ಕಸವನ್ನು ರಾತ್ರಿ ಹೊರಗಿಡದಂತೆ ನೋಡಿಕೊಂಡು, ಬೀದಿಯಲ್ಲಿ ಹಕ್ಕಿಗಳಿಗೆ ತಿನ್ನಿಸುವುದನ್ನು ತಡೆಯುವ ಪ್ರಯತ್ನಗಳು ಕೊಲ್ಲುವ ಪರವಾನಗಿಗಳಿಗಿಂತ ಹೆಚ್ಚು ಗಮನಕ್ಕೆ ಅರ್ಹವಾಗಿರುವುದು ಈ ಕಾರಣಕ್ಕೆ. ವೆನಿಸ್ ಕೂಡ ಚೀಲಗಳನ್ನು ಬೀದಿಯಲ್ಲಿ ಬಿಡುವ ಬದಲು ಮನೆಬಾಗಿಲಲ್ಲೇ ಕಸ ಪಡೆಯುವ ಕ್ರಮಕ್ಕೆ ಬಂದಿದೆ.

2015ರಿಂದ 2021ರವರೆಗೆ ನಡೆದ ಕಡಲಹಕ್ಕಿಗಳ ಗಣತಿಯಲ್ಲಿ, ಬ್ರಿಟನ್ ಮತ್ತು ಐರ್ಲೆಂಡಿನ ನೈಸರ್ಗಿಕ ನೆಲೆಗಳ ಹೆರಿಂಗ್ ಗಲ್‌ಗಳು ಸುಮಾರು ಎರಡು ದಶಕಗಳಲ್ಲಿ ನೂರಕ್ಕೆ 40ಕ್ಕಿಂತಲೂ ಹೆಚ್ಚು ಕುಗ್ಗಿರುವುದು ತಿಳಿದುಬಂತು. ಅದರ ಬೆನ್ನಲ್ಲೇ ಹಕ್ಕಿಜ್ವರ ಕಡಲಹಕ್ಕಿಗಳ ನೆಲೆಗಳಿಗೆ ನುಗ್ಗಿತು. ಹೆರಿಂಗ್ ಗಲ್‌ಗಳ ಬಹುಪಾಲು ಈಗ ಊರುಗಳ ಛಾವಣಿಗಳಲ್ಲೇ ಗೂಡು ಕಟ್ಟುತ್ತಿರುವುದರಿಂದ, ಒಂದು ನಗರಕ್ಕೆ ನೀಡುವ ಪರವಾನಗಿ ಆ ಊರಿನ ಕಿರಿಕಿರಿಯಷ್ಟನ್ನೇ ಅಲ್ಲ, ಇಡೀ ಜಾತಿಯ ಮುಂದಿನ ಲೆಕ್ಕವನ್ನೂ ತಟ್ಟುತ್ತದೆ. ಸ್ಕಾಟ್ಲೆಂಡ್ 2024ರಲ್ಲಿ ಪರವಾನಗಿಯ ನಿಯಮಗಳನ್ನು ಬಿಗಿಗೊಳಿಸಿದಾಗ ಕಡಲತೀರದ ಊರುಗಳಿಂದ ಬಲವಾದ ಆಕ್ಷೇಪ ಬಂದು, ಮರುವರ್ಷ ಇನ್ವರ್ನೆಸ್‌ನಲ್ಲಿ ಈ ವಿಷಯಕ್ಕೆಂದೇ ಸಭೆ ಸೇರಬೇಕಾಯಿತು.