ಮತ ಬಿಟ್ಟರೆ ಮತ ಬರುತ್ತದೆಯೇ? ಮಾರ್ಮನ್ ಅಭ್ಯರ್ಥಿಗಳ ಲೆಕ್ಕ

ತೌಲನಿಕ ರಾಜಕಾರಣದ ಪತ್ರಿಕೆಗೆ ಓದುವಾಗ ಅಭ್ಯರ್ಥಿಯ ಧರ್ಮದ ಪಾಠದಲ್ಲಿ ಒಂದೇ ಕಡೆ ಮೂರು ದಿನ ಸಿಕ್ಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ಇದೇ ಪಾಠ ಓದುತ್ತಿರುವವರಿಗೂ ಆದೀತು. ಮುಂದೆ ‘ಮತ’ ಎಂದರೆ ವೋಟು ಮಾತ್ರ. ನಂಬಿಕೆಯ ವಿಷಯಕ್ಕೆ ‘ಚರ್ಚ್’ ಎಂದೇ ಬರೆಯುತ್ತೇನೆ.

ಪ್ರಶ್ನೆ ಇದು: ಅಮೆರಿಕದಲ್ಲಿ ಮಾರ್ಮನ್ (ಅಲ್ಲೇ ಹುಟ್ಟಿದ, ಯೇಸುವನ್ನು ನಂಬುವ ಪ್ರತ್ಯೇಕ ಚರ್ಚೊಂದರ) ಅಭ್ಯರ್ಥಿಯೊಬ್ಬ ತನ್ನ ಚರ್ಚಿನಲ್ಲೇ ಉಳಿದರೆ ಎಷ್ಟು ಮತ ಹೋಗುತ್ತದೆ, ಬಿಟ್ಟರೆ ಎಷ್ಟು ಬರುತ್ತದೆ?

ಶೇ. 18ರ ಗಂಟು

ಗ್ಯಾಲಪ್ ಸಮೀಕ್ಷೆ 1967ರಲ್ಲಿ ಕೇಳಿದಾಗ ಶೇ. 17 ಮಂದಿ ಮಾರ್ಮನ್ ಅಭ್ಯರ್ಥಿಗೆ ಅಧ್ಯಕ್ಷ ಸ್ಥಾನಕ್ಕೆ ಮತ ಹಾಕುವುದಿಲ್ಲ ಎಂದಿದ್ದರು. ಆಗ ಸುದ್ದಿಯಲ್ಲಿದ್ದವರು ಮಿಷಿಗನ್ ಗವರ್ನರ್ ಜಾರ್ಜ್ ರೋಮ್ನಿ. ಅವರ ಮಗ ಮಿಟ್ ರೋಮ್ನಿ ರಿಪಬ್ಲಿಕನ್ ಅಭ್ಯರ್ಥಿಯಾದ 2012ರಲ್ಲಿ ಕೇಳಿದಾಗ ಆ ಅಂಕಿ ಶೇ. 18. ನಡುವೆ ಏರಿಳಿದರೂ ನಲವತ್ತೈದು ವರ್ಷದ ನಂತರ ಅಂಕಿ ಹೆಚ್ಚುಕಡಿಮೆ ಅಲ್ಲಿಗೇ ಬಂದಿತ್ತು.

ನಾನು ತಪ್ಪಿದ್ದು ಇಲ್ಲಿ. ಶೇ. 18 ಮಂದಿ ಬೇಡ ಎಂದರೆ ರೋಮ್ನಿಗೆ ಶೇ. 18 ಮತ ನಷ್ಟ, ಚರ್ಚ್ ಬಿಟ್ಟಿದ್ದರೆ ಅಷ್ಟೂ ವಾಪಸ್ಸು ಎಂದು ಲೆಕ್ಕ ಹಾಕಿದೆ. ಹಾಗಿದ್ದರೆ ರೋಮ್ನಿ ಚರ್ಚ್ ಬಿಟ್ಟಿದ್ದೇ ಆದರೆ ಎದುರಾಳಿ ಒಬಾಮ ಗೆಲ್ಲಲು ಸಾಧ್ಯವೇ ಇರಲಿಲ್ಲ ಎಂದಾಗುತ್ತದೆ, ಅದು ನಂಬುವಂತಿರಲಿಲ್ಲ. ಎಲ್ಲೋ ಎಡವಿದ್ದೇನೆ ಎಂದು ಆಗ ಗೊತ್ತಾಯಿತು.

ಎಡವಿದ್ದು ಸಮೀಕ್ಷೆಯ ಪ್ರಶ್ನೆಯಲ್ಲಿರುವ ಎರಡು ಪದಗಳನ್ನು ಓದದೇ ಬಿಟ್ಟದ್ದರಿಂದ: ‘ನಿಮ್ಮ ಪಕ್ಷ’. ನಿಮ್ಮ ಪಕ್ಷವೇ ಅರ್ಹ ಮಾರ್ಮನ್ ಒಬ್ಬರನ್ನು ನಿಲ್ಲಿಸಿದರೆ ಮತ ಹಾಕುತ್ತೀರಾ ಎಂಬುದು ಪ್ರಶ್ನೆ. ಅಂದರೆ ಇಲ್ಲ ಎಂದ ಡೆಮಾಕ್ರಟಿಕ್ ಬೆಂಬಲಿಗ ಇನ್ನೂ ಹುಟ್ಟಿರದ ಒಬ್ಬ ಡೆಮಾಕ್ರಟಿಕ್ ಮಾರ್ಮನ್‌ನನ್ನು ನಿರಾಕರಿಸುತ್ತಿದ್ದಾನೆ. 2012ರಲ್ಲಿ ಇಲ್ಲ ಎಂದವರ ಪ್ರಮಾಣ ರಿಪಬ್ಲಿಕನ್ನರಿಗಿಂತ ಡೆಮಾಕ್ರಟರಲ್ಲೇ ಹೆಚ್ಚಿತ್ತು. ಅವರು ರೋಮ್ನಿಗೆ ಹೇಗೂ ಮತ ಹಾಕುವವರಲ್ಲ. ರೋಮ್ನಿಯ ಚೀಲದಲ್ಲಿ ಇಲ್ಲದ ದುಡ್ಡು ಕಳೆದುಹೋಯಿತು ಎಂದು ನಾನು ಲೆಕ್ಕ ಬರೆದಿದ್ದೆ.

ಇದನ್ನು ನೂರು ಮತದಾರರ ಮೇಲೆ ಹಾಕಿ ನೋಡಿದೆ. ಅಂಕಿಗಳು ನನ್ನ ಊಹೆಯವು, ಲೆಕ್ಕದ ದಾರಿ ಮುಖ್ಯ. ಐವತ್ತು ಮಂದಿ ಡೆಮಾಕ್ರಟರು, ಐವತ್ತು ರಿಪಬ್ಲಿಕನ್ನರು. ಇಲ್ಲ ಎಂದ ಹದಿನೆಂಟರಲ್ಲಿ ಹನ್ನೆರಡು ಡೆಮಾಕ್ರಟರ ಕಡೆ, ಆರು ರಿಪಬ್ಲಿಕನ್ನರ ಕಡೆ ಇರಲಿ. ಹನ್ನೆರಡನ್ನು ಬಿಟ್ಟುಬಿಡಿ. ಉಳಿದ ಆರು ಮಂದಿಯ ಮುಂದೆ ನವೆಂಬರಿನ ಅಂತಿಮ ಚುನಾವಣೆಯಲ್ಲಿ ಇರುವ ದಾರಿಗಳು ಮೂರೇ: ರೋಮ್ನಿ, ಒಬಾಮ, ಇಲ್ಲವೇ ಮನೆಯಲ್ಲಿ ಕೂರುವುದು. ಬಹುಪಾಲು ಪಕ್ಷಕ್ಕೇ ಮರಳುತ್ತಾರೆ. ಮರಳಿದ್ದೂ ನಿಜ: ಮಾರ್ಮನ್ನರನ್ನು ಕ್ರೈಸ್ತರೆಂದೇ ಒಪ್ಪದವರು ಬಹಳ ಮಂದಿ ಇರುವ ಬಿಳಿಯ ಇವ್ಯಾಂಜೆಲಿಕಲ್ (ಬೈಬಲ್ಲಿಗೆ ಬಿಗಿಯಾಗಿ ಅಂಟಿಕೊಂಡ ಪ್ರೊಟೆಸ್ಟೆಂಟ್) ಸಮುದಾಯದಲ್ಲಿ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು 2012ರಲ್ಲಿ ರೋಮ್ನಿಗೇ ಮತ ಹಾಕಿದರು. ಮಾರ್ಮನ್ ಅಲ್ಲದ ರಿಪಬ್ಲಿಕನ್ ಬುಷ್‌ಗೆ 2004ರಲ್ಲಿ ಸಿಕ್ಕಿದ್ದೂ ಸರಿಸುಮಾರು ಅಷ್ಟೇ.

ಈಗ ಅದೇ ಆರು ಮಂದಿಯನ್ನು ಪ್ರೈಮರಿಗೆ ತನ್ನಿ. ನಮ್ಮಲ್ಲಿ ಟಿಕೆಟ್ ಹೈಕಮಾಂಡ್ ಕೈಯಲ್ಲಿದೆ, ಅಲ್ಲಿ ಟಿಕೆಟ್ಟಿಗೂ ಜನರೇ ಮತ ಹಾಕುತ್ತಾರೆ. ಪ್ರೈಮರಿಯಲ್ಲಿ ಒಟ್ಟು ಇರುವವರೇ ಐವತ್ತು, ಆದ್ದರಿಂದ ಆರು ಎಂದರೆ ಶೇ. 12. ಜೊತೆಗೆ ಅವರಿಗೆ ತಮ್ಮದೇ ಪಕ್ಷದಲ್ಲಿ ಬೇರೆ ಅಭ್ಯರ್ಥಿ ಇದ್ದಾನೆ. ಭಾಜಕ ಚಿಕ್ಕದಾಯಿತು, ಬಿಟ್ಟು ಹೋಗುವ ಬಾಗಿಲೂ ತೆರೆಯಿತು. ಈ ಎರಡನ್ನೂ ಒಟ್ಟಿಗೆ ಹಿಡಿದರೆ ಇಡೀ ಪಾಠ ಕೈಗೆ ಬಂತು. ರೋಮ್ನಿ ಮೊದಲ ಸಲ ಟಿಕೆಟ್ಟಿಗೆ ಸ್ಪರ್ಧಿಸಿದ 2008ರಲ್ಲಿ, ಅಯೋವಾ ರಾಜ್ಯದ ಕಾಕಸ್‌ನಲ್ಲಿ (ಟಿಕೆಟ್ಟಿಗೆ ಮತ ಹಾಕಲು ಪಕ್ಷದವರು ಸೇರುವ ಸಭೆ) ಆದದ್ದು ಇದೇ. ರಿಪಬ್ಲಿಕನ್ ಕಾಕಸ್‌ಗೆ ಬಂದ ಹತ್ತರಲ್ಲಿ ಆರು ಮಂದಿ ಇವ್ಯಾಂಜೆಲಿಕಲ್‌ಗಳು, ಎದುರಿಗೆ ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದ ಮೈಕ್ ಹಕಬಿ. ಹಕಬಿಗೆ ಶೇ. 34, ರೋಮ್ನಿಗೆ ಶೇ. 25.

ಹಾಗಾದರೆ ಪ್ರೈಮರಿಗೆ ಮೊದಲು ಚರ್ಚ್ ಬಿಟ್ಟಿದ್ದರೆ? ಅಯೋವಾಕ್ಕೆ ನಾಲ್ಕು ವಾರ ಮೊದಲು, 2007ರ ಡಿಸೆಂಬರ್ 6ರಂದು, ಟೆಕ್ಸಸ್‌ನಲ್ಲಿ ಮಾಡಿದ ಭಾಷಣದಲ್ಲಿ ರೋಮ್ನಿಯೇ ಇದಕ್ಕೆ ಉತ್ತರ ಕೊಟ್ಟರು: ನನ್ನ ನಂಬಿಕೆಯಿಂದ ದೂರ ಸರಿಯಲಿ ಎಂದು ಕೆಲವರು ಬಯಸುತ್ತಾರೆ, ಆದರೆ ಅನುಕೂಲಕ್ಕೆ ತಕ್ಕಂತೆ ನಂಬುವವರನ್ನು ಅಮೆರಿಕನ್ನರು ಗೌರವಿಸುವುದಿಲ್ಲ, ಇದರಿಂದ ನಾನು ಸೋತರೆ ಸೋಲಲಿ ಎಂಬುದು ಅದರ ಸಾರ. ನನಗೆ ಇದು ನಿಜವಾದ ನಿಷ್ಠೆಯ ಮಾತಾಗಿಯೇ ಕೇಳುತ್ತದೆ. ಆದರೆ ಲೆಕ್ಕವೂ ಅದರ ಪಕ್ಕದಲ್ಲೇ ಇದೆ. ಗರ್ಭಪಾತದ ಬಗ್ಗೆ ನಿಲುವು ಬದಲಿಸಿದ್ದಕ್ಕೆ ಅವರು ಆಗಲೇ ಟೀಕೆ ಎದುರಿಸುತ್ತಿದ್ದರು. ಚರ್ಚನ್ನೂ ಬದಲಿಸಿದ್ದರೆ ಆ ಆರು ಮಂದಿಯಲ್ಲಿ ಇಬ್ಬರು ಬರುವಷ್ಟರಲ್ಲಿ ಬೇರೆ ನಾಲ್ವರು ಎದ್ದು ಹೋಗುತ್ತಿದ್ದರು ಎಂದು ನನ್ನ ಅಂದಾಜು.

ಬಿಟ್ಟರೂ ಬಿಡದ ಗುರುತು

ಮಾರಿಸ್ ಯುಡಾಲ್ ಹೆಸರು ನೆನಪಿಟ್ಟುಕೊಳ್ಳಿ, ಬಹಳ ಟಿಪ್ಪಣಿಗಳಲ್ಲಿ ಇವರಿಲ್ಲ. ಅರಿಜೋನದ ಕಾಂಗ್ರೆಸ್ ಸದಸ್ಯ, ಮಾರ್ಮನ್ ಮನೆತನ. ಕಪ್ಪು ಜನರಿಗೆ ಪೌರೋಹಿತ್ಯ ನಿರಾಕರಿಸುತ್ತಿದ್ದ ಚರ್ಚಿನ ನಿಲುವನ್ನು ಒಪ್ಪಲಾಗದೆ ದೂರ ಸರಿದವರು. ಆ ನಿಷೇಧ ತೆಗೆದದ್ದು 1978ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1976ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಯುಡಾಲ್ ಜಿಮ್ಮಿ ಕಾರ್ಟರ್ ಎದುರು ನಿಂತಿದ್ದರು. ಮಿಷಿಗನ್‌ನಲ್ಲಿ ಕಾರ್ಟರ್ ಪರವಾಗಿದ್ದ ಡೆಟ್ರಾಯಿಟ್ ಮೇಯರ್ ಕೋಲ್ಮನ್ ಯಂಗ್, ಸ್ವತಃ ಕಪ್ಪು ನಾಯಕ, ಅದೇ ನಿಷೇಧವನ್ನು ಯುಡಾಲ್ ತಲೆಗೆ ಕಟ್ಟಿದರು. ಯಾವ ಅನ್ಯಾಯಕ್ಕೆ ಬೇಸತ್ತು ಚರ್ಚ್ ಬಿಟ್ಟರೋ ಅದೇ ಅನ್ಯಾಯದ ಲೆಕ್ಕವನ್ನು ಅವರೇ ಕೊಡಬೇಕಾಯಿತು. ಮಿಷಿಗನ್ ಕೈತಪ್ಪಿದ್ದು ಶೇ. 1ಕ್ಕೂ ಕಡಿಮೆ ಅಂತರದಲ್ಲಿ. ಇದನ್ನು ಓದಿದಾಗ ಸಂಕಟವಾಯಿತು.

ಒಳಗಿನವರಿಗೆ ಬಿಟ್ಟವನು ಬಿಟ್ಟವನೇ, ಹೊರಗಿನವರಿಗೆ ಹುಟ್ಟಿದ್ದೇ ಗುರುತು. ಯಾವಾಗ ಬಿಟ್ಟರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ರಿಪಬ್ಲಿಕನ್ ನಾಯಕ ಮಾರ್ಕೊ ರುಬಿಯೊ ಬಾಲ್ಯದಲ್ಲಿ ಕೆಲವು ವರ್ಷ ಮಾರ್ಮನ್ ಆಗಿದ್ದು ಮತ್ತೆ ಕ್ಯಾಥೊಲಿಕ್ ಆದದ್ದು 2012ರಲ್ಲಿ ಸುದ್ದಿಯಾಯಿತು, ಆದರೆ ಮಗುವಿನ ಮೇಲೆ ಯಾರೂ ಅವಕಾಶವಾದದ ಆರೋಪ ಹೊರಿಸಲಾರರು. ಕಿರ್ಸ್ಟನ್ ಸಿನೆಮಾ ಚರ್ಚಿನದೇ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಆಮೇಲೆ ಬಿಟ್ಟರು. 2018ರಲ್ಲಿ ಅರಿಜೋನದಿಂದ ಡೆಮಾಕ್ರಟಿಕ್ ಅಭ್ಯರ್ಥಿಯಾಗಿ ಸೆನೆಟ್‌ಗೆ ಆಯ್ಕೆಯಾದರು. ಯಾವ ಧರ್ಮಕ್ಕೂ ಸೇರದವರ ಬೆಂಬಲ ದೊಡ್ಡದಾಗಿರುವ ಪಕ್ಷದಲ್ಲಿ ಬಿಟ್ಟದ್ದು ಹೊರೆಯಾಗಲಿಲ್ಲ. ಅಡ್ಡಗೋಡೆಯ ಮೇಲಿದ್ದವರು 2012ರ ರಿಪಬ್ಲಿಕನ್ ಟಿಕೆಟ್ ಬಯಸಿದ್ದ, ಮಾರ್ಮನ್ ಮನೆತನದ ಜಾನ್ ಹಂಟ್ಸ್‌ಮನ್: ನೀವು ಈಗಲೂ ಚರ್ಚಿನವರೇ ಎಂದು 2011ರಲ್ಲಿ ಕೇಳಿದಾಗ, ಹೇಳುವುದು ಕಷ್ಟ ಎಂಬರ್ಥದ ಉತ್ತರ ಕೊಟ್ಟರು. ಮುಂದಿನ ಜನವರಿಯಲ್ಲೇ ಕಣದಿಂದ ಹಿಂದೆ ಸರಿದರು. ಸೋಲಿಗೆ ಬೇರೆ ಕಾರಣಗಳಿದ್ದವು, ಆದರೆ ಈ ಉತ್ತರದಿಂದ ಅವರಿಗೆ ಹೊಸ ಮತವೊಂದು ಸಿಕ್ಕಿತೆಂದು ನನಗೆ ಅನಿಸುವುದಿಲ್ಲ.

ಯೂಟಾ

ಇಲ್ಲಿ ಲೆಕ್ಕ ತಿರುಗಾಮುರುಗಾ. ರಾಜ್ಯದಲ್ಲಿ ಮಾರ್ಮನ್ನರದೇ ಪ್ರಾಬಲ್ಯ, ರೋಮ್ನಿಗೆ 2012ರಲ್ಲಿ ಸುಮಾರು ಶೇ. 73 ಮತ. ನಾಲ್ಕು ವರ್ಷದ ನಂತರ ಟ್ರಂಪ್‌ಗೆ ಸಿಕ್ಕಿದ್ದು ಶೇ. 45.5. ನಡುವೆ ನಿಂತ ಪಕ್ಷೇತರ, ಮಾರ್ಮನ್ ಆದ ಇವಾನ್ ಮೆಕ್‌ಮಲಿನ್‌ಗೆ ಶೇ. 21.5. ಆರು ಮಂದಿಯ ಲೆಕ್ಕವನ್ನು ಇಲ್ಲಿಗೂ ಹಾಕಬಹುದು: ತಮ್ಮ ಪಕ್ಷದ ಅಭ್ಯರ್ಥಿ ಇಷ್ಟವಾಗದ ರಿಪಬ್ಲಿಕನ್ನರಿಗೆ ಈ ಸಲ ನವೆಂಬರಿನಲ್ಲೇ ಇನ್ನೊಂದು ಬಾಗಿಲು ತೆರೆದಿತ್ತು. ಆದರೂ ಹೆಚ್ಚಿನವರು ಆ ಬಾಗಿಲಿನಿಂದ ಹೋಗಲಿಲ್ಲ. ಅದೇ ಮೆಕ್‌ಮಲಿನ್ 2022ರಲ್ಲಿ ಸೆನೆಟ್‌ಗೆ ನಿಂತಾಗ ರಿಪಬ್ಲಿಕನ್ ಎದುರಾಳಿ ಮೈಕ್ ಲೀ ಕೂಡ ಮಾರ್ಮನ್. ಇಬ್ಬರೂ ಒಂದೇ ಚರ್ಚಿನವರಾದಾಗ ಗೆದ್ದದ್ದು ರಿಪಬ್ಲಿಕನ್ ಚೀಟಿ.